ಏಳರಿಂದ ಮೂವತ್ತಕ್ಕೆ

ನನ್ನ ಅಕ್ಕ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷ ಚಾದರಗಳಿಗೆ ಇಸ್ತ್ರಿ ಹಾಕಿದಳು. ಅಲ್ಲಿ ಕಿಟಕಿಯಿರಲಿಲ್ಲ. ಬೆಳಕು ಹರಿಯುವ ಮುಂಚೆ ಇಳಿದರೆ ಕತ್ತಲಾದ ಮೇಲೆ ಹತ್ತಿ ಬರುವಳು. ಮೂಲೆಯ ಮೇಜು ಅವಳದು; ಹೆಂಗಸರ ವಾರ್ಡಿನ ಚಾದರಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಬೇರೆ ಯಾರಾದರೂ ಮುಟ್ಟಿದರೆ, "ನನ್ನ ಸಂಸಾರಕ್ಕೆ ಕೈ ಹಾಕ್ಬೇಡ್ರೇ" ಅನ್ನುವಳು. ಮದುವೆಯಾಗದವಳ ಬಾಯಲ್ಲಿ ಆ ಮಾತು ಕೇಳಿ ಎಲ್ಲರೂ ನಗುತ್ತಿದ್ದರು.

ಕಳೆದ ವರ್ಷ ತೊಡೆಯ ಮೂಳೆ ನೋಯತೊಡಗಿ, ಮೆಟ್ಟಿಲು ಹತ್ತಲಾರದೆ ಕೂತುಬಿಟ್ಟಳು. ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ ಏಳು. ಮೂವತ್ತಾದರೂ ಇರಬೇಕಂತೆ. ವಾರಕ್ಕೊಂದು ಪೊಟ್ಟಣ ಪುಡಿ, ಎಂಟು ವಾರ ಎಂದರು ಡಾಕ್ಟರು.

"ಎರಡು ತಿಂಗಳು ನಿನ್ನ ಮೇಜು ಕಾಯ್ತೀನಿ. ಮೂವತ್ತು ಅಂತ ರಿಪೋರ್ಟ್ ತಂದು ತೋರ್ಸು. ಆಮೇಲೆ ನನ್ನ ಕೈಲಿಲ್ಲ," ಎಂದ ಮೇಲ್ವಿಚಾರಕ.

ಅಕ್ಕ ದಿನಕ್ಕೊಂದು ಪೊಟ್ಟಣ ತೆಗೆದುಕೊಳ್ಳತೊಡಗಿದಳು. ಮುಗಿದಾಗ ಅದೇ ಚೀಟಿ ಹಿಡಿದು ಬೇರೆ ಬೇರೆ ಅಂಗಡಿಗಳಿಂದ ತಂದವಳು ನಾನು.

"ವಾರಕ್ಕೊಂದು ಅಂದಿದ್ರಲ್ಲಕ್ಕ," ಎಂದೆ ಒಮ್ಮೆ.

"ವಾರಕ್ಕೊಂದ್ಸಲ ಉಂಡ್ರೆ ನಿನ್ನ ಹೊಟ್ಟೆ ತುಂಬುತ್ತೇನೇ? ಸುಮ್ನೆ ಕಲಕಿ ಕೊಡು."

ದಿನವೂ ಪ್ರಾರ್ಥನೆ ಮುಗಿಸಿ, ಹಾಲಿಗೆ ಕಲಕಿ ಕೊಟ್ಟೆ.

ಏಳನೇ ವಾರಕ್ಕೆ ಅಕ್ಕನಿಗೆ ಊಟ ಸೇರದಾಯಿತು. ಎಷ್ಟು ನೀರು ಕುಡಿದರೂ ದಾಹ, ಕುಡಿದದ್ದೆಲ್ಲ ವಾಂತಿ. "ಒಳಗಿನ ಕೊಳೆ ಹೋಗ್ತಿದೆ ಬಿಡು," ಎಂದಳು.

ಎಂಟನೇ ವಾರ ಮತ್ತೆ ರಕ್ತ ಕೊಟ್ಟು ಬಂದೆವು. ಮರುದಿನವೇ ಲ್ಯಾಬಿನಿಂದ ಕರೆ ಬಂತು, ಇನ್ನೊಮ್ಮೆ ಕೊಡಬೇಕೆಂದು.

"ನಿಮ್ಮ ನಂಬರು ಯಂತ್ರದ ಅಳತೇನೇ ಮೀರಿದೆ. ಟ್ಯೂಬು ಅದಲುಬದಲಾಯ್ತೇನೋ ಅಂತ ಅನುಮಾನ," ಎನ್ನುತ್ತಾ ಲ್ಯಾಬಿನವಳು ತೋಳಿಗೆ ಪಟ್ಟಿ ಬಿಗಿದಳು.

ಅಕ್ಕನ ಮುಖ ಅರಳಿತು. "ಮೂವತ್ತು ದಾಟಿದೆ ತಾನೆ? ಹಾಗಿದ್ರೆ ಬರ್ದು ಕೊಡಮ್ಮ, ನಾಳೆನೇ ಕೆಲಸಕ್ಕೆ ಇಳೀತೀನಿ."

ಲ್ಯಾಬಿನವಳ ಕೈ ನಿಂತಿತು. "ಪುಡಿ ಹೇಗೆ ತಗೊಂಡ್ರಿ?"

ಅಕ್ಕ ನನ್ನ ಕಡೆ ನೋಡಿದಳು. ನಾನೇ ಹೇಳಿದೆ.

ಯಂತ್ರದ ಅಳತೆಗೆ ಸಿಗುವಂತೆ ಆ ರಕ್ತವನ್ನು ತೆಳುಮಾಡಿ ಅಳೆದಾಗ ನಾನೂರ ಹತ್ತು ಬಂತು. ಕ್ಯಾಲ್ಸಿಯಂ ಏರಿ ಮೂತ್ರಪಿಂಡಗಳು ಕೆಟ್ಟಿದ್ದವು. ಪೂರ್ತಿ ಸರಿಹೋಗುವುದಿಲ್ಲ, ಇನ್ನು ಹಾಲೂ ಬೇಡ, ಬಿಸಿಲೂ ಬೇಡ ಎಂದರು ಡಾಕ್ಟರು.

ಹೆಂಗಸರ ವಾರ್ಡಿನಲ್ಲಿ ಮಲಗಿಸಿದರು. ಮೂರನೆಯ ದಿನ ಚಾದರ ಬದಲಿಸಿದಾಗ ಅಕ್ಕ ಅದರ ಅಂಚನ್ನು ಬೆರಳಲ್ಲಿ ತಡವಿದಳು. ಅವಳು ಯಾವಾಗಲೂ ಅಂಚನ್ನು ಮೊದಲು ಒತ್ತಿ, ಆಮೇಲೆ ನಡುವಿಗೆ ಬರುವಳು. ಈ ಅಂಚು ಸುಕ್ಕುಸುಕ್ಕಾಗಿತ್ತು.

"ಬೇರೆ ಕೈ ಕಣೇ," ಎಂದು ಗೋಡೆಯ ಕಡೆ ತಿರುಗಿದಳು.