ನಲವತ್ತು ಬೋರ್ಡಿಗೆ ಒಂದೇ ತಿದ್ದುಪಡಿ

ನಮ್ಮಕ್ಕನಿಗೆ ಕೆಲಸದ ಜಾಗದಲ್ಲಿ ಇಟ್ಟ ಅಡ್ಡಹೆಸರು ‘ಮೂರ್‌ಸಲ’. ಯಾವುದನ್ನೂ ಮೂರು ಸಲ ಅಳೆಯದೆ ಬಿಡುವವಳಲ್ಲ. ಮನೆಯಲ್ಲೂ ಅದೇ ಕಥೆ. ಗ್ಯಾಸ್ ಆರಿಸಿದ್ದೇನೆ ಎಂದರೆ ನಂಬುವುದಿಲ್ಲ, ತಾನೇ ಹೋಗಿ ನೋಡಿ ಬರುತ್ತಾಳೆ. ಅಂಥವಳು ಮಾಡಿದ ಒಂದೇ ಒಂದು ತಪ್ಪನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವಳ ಮೇಲೆ ಒಂದು ಪಾಲು, ಅದನ್ನು ಮಾಡಿಸಿದ ಆ ಮಹಾನುಭಾವನ ಮೇಲೆ ನೂರು ಪಾಲು.

ಹದಿನಾರು ವರ್ಷದಿಂದ ಅವಳದ್ದು ಒಂದೇ ಕೆಲಸ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ ನೀವು ನೋಡಿರಬಹುದು. ಒಳಗಿನ ಸೆನ್ಸರ್ ಕೊಡುವ ವೋಲ್ಟೇಜನ್ನು ಬೋರ್ಡಿನ ಮೇಲಿನ ಒಂದು ಚಿಪ್ ಅಂಕಿಯಾಗಿ ಬದಲಿಸುತ್ತದೆ. ಆ ಅಂಕಿ ನೋಡಿಕೊಂಡೇ ಹೀಟರ್ ಹೊತ್ತಿಕೊಳ್ಳುವುದು, ಆರುವುದು. ತೊಂದರೆ ಏನೆಂದರೆ ಚಿಪ್ಪೇ ಬಿಸಿಯಾದರೆ ಸುಳ್ಳು ಹೇಳುತ್ತದೆ. ನಾನು ಟೈಲರ್, ನನಗೆ ಅರ್ಥವಾದದ್ದು ಇಷ್ಟು: ಹೋಲಿಸಿ ಅಳೆಯಲು ಚಿಪ್ಪಿನೊಳಗೆ ಬದಲಾಗದ ಒಂದು ವೋಲ್ಟೇಜ್ ಇರಬೇಕು, ಅದೇ ಅದರ ಟೇಪು. ಕಾವಿಗೆ ಟೇಪೇ ಹಿಗ್ಗಿದರೆ ಮೂವತ್ತಾರಿನ ಎದೆ ಮೂವತ್ತೈದು ಎಂದು ತೋರಿಸುತ್ತದೆ. ಅಂಕಿ ಕಡಿಮೆ ಬಂದರೆ ಹೀಟರ್ ಇನ್ನಷ್ಟು ಕಾಯಿಸುತ್ತದೆ. ಒಳಗೆ ಮಲಗಿರುವುದು ಒಂದೂವರೆ ಕೆಜಿಯ ಕೂಸು.

ಅದಕ್ಕೇ ಅಕ್ಕ ಪ್ರತಿ ಬೋರ್ಡನ್ನೂ ಕಾಯಿಸುವ ಡಬ್ಬದೊಳಗಿಟ್ಟು, ತಂಪಿನಲ್ಲೊಮ್ಮೆ, ಹದದಲ್ಲೊಮ್ಮೆ, ಕಾವಿನಲ್ಲೊಮ್ಮೆ ಅಳೆದು, ಎಷ್ಟು ತಪ್ಪುತ್ತದೋ ಅಷ್ಟನ್ನು ಸರಿಪಡಿಸುವ ಅಂಕಿಗಳನ್ನು ಅದರ ಮೆಮೊರಿಗೆ ತುಂಬುತ್ತಾಳೆ. ಒಂದು ಚಿಪ್ಪಿನ ಸುಳ್ಳು ಇನ್ನೊಂದರ ಹಾಗಿರುವುದಿಲ್ಲ.

ದೊಡ್ಡಾಸ್ಪತ್ರೆಯ ಪೆಟ್ಟಿಗೆಗಳಿಗೆಂದು ನಲವತ್ತು ಹೊಸ ಬೋರ್ಡುಗಳು ಸಿದ್ಧವಾಗುವ ಹೊತ್ತಿಗೆ ಅಕ್ಕ ಕಾರ್ಖಾನೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ನೋವಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದವಳ ಮುಂದೆ ಮ್ಯಾನೇಜರ್ ನಲವತ್ತು ಖಾಲಿ ಟೆಸ್ಟ್ ಪತ್ರ ಹಿಡಿದ. “ಸಹಿ ಹಾಕ್ಬಿಡಮ್ಮ, ನೀನು ಬಂದ್ಮೇಲೆ ಟೆಸ್ಟ್ ಮಾಡಿ ಅಂಕಿ ತುಂಬಿದ್ರಾಯ್ತು” ಎಂದ. ಅಲ್ಲಿ ಎಲ್ಲರೂ ಹಾಗೆ ಮುಂಗಡ ಸಹಿ ಹಾಕುವವರೇ. ಇವಳೂ ಹಾಕಿದಳು.

ಮೂರು ವಾರದ ಮೇಲೆ ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಕುಂಟುತ್ತ ಒಳಗೆ ಹೋದರೆ ಅವಳ ಕಪಾಟು ಖಾಲಿ.

“ಬೋರ್ಡ್‌ಗಳೆಲ್ಲಿ ಸಾರ್?”

“ಹೋಗಿ ವಾರವಾಯ್ತಲ್ಲಮ್ಮ. ಆಸ್ಪತ್ರೆಯವ್ರು ತಲೆ ತಿಂತಿದ್ರು.”

“ಟೆಸ್ಟ್ ಯಾರು ಮಾಡಿದ್ರು?”

“ಒಂದನ್ನ ಪೂರ್ತಿ ಮಾಡಿ, ಅದರ ತಿದ್ದುಪಡೀನೇ ಎಲ್ಲಕ್ಕೂ ಹಾಕಿಸ್ದೆ. ಆಮೇಲೆ ಇದೇ ರೂಮಲ್ಲಿ ಆನ್ ಮಾಡಿ ನೋಡಿದ್ವಿ, ನಲವತ್ತೂ ಕರೆಕ್ಟು! ಅನ್ನ ಬೆಂದಿದ್ಯಾ ನೋಡೋಕೆ ಒಂದಗುಳು ಹಿಚುಕಿದ್ರೆ ಸಾಕಲ್ವಾ?”

“ಇದೇನು ಒಂದು ಪಾತ್ರೆ ಅನ್ನನಾ ಸಾರ್? ನಲವತ್ತು ಪಾತ್ರೆ, ನಲವತ್ತು ಒಲೆ! ಈ ಏಸಿ ರೂಮಲ್ಲಿ ಎಲ್ಲಾ ಸರಿಯಾಗೇ ಇರುತ್ತೆ. ಹೀಟರ್ ಪಕ್ಕ ಕೂತಾಗ ತಾನೇ ಬಣ್ಣ ಬಯಲಾಗೋದು? ವಾಪಸ್ ತರಿಸಿ. ಈಗ್ಲೇ!”

“ನಿಂದೊಳ್ಳೆ ಕಥೆ, ಹಿಡಿದ ಮೊಲಕ್ಕೆ ಮೂರೇ ಕಾಲು. ಯಾಕೆ ತರಿಸ್ಲಿ? ಎಲ್ಲಾ ಪತ್ರದಲ್ಲೂ ನಿನ್ನ ಸಹಿನೇ ಇದೆ.”

ಬಾಗಿಲಲ್ಲಿ ನಿಂತಿದ್ದ ನನಗೆ ತಡೆಯಲಾಗಲಿಲ್ಲ. “ಥೂ, ನಿಮ್ಮ ಜನ್ಮಕ್ಕಿಷ್ಟು ಬೆಂಕಿ ಹಾಕ!” ಎಂದುಬಿಟ್ಟೆ. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕ ಆಸ್ಪತ್ರೆಗೆ ಫೋನ್ ಮಾಡಿದಳು. ಸಂಬಂಧಪಟ್ಟವರು ರಜೆಯಲ್ಲಿದ್ದಾರೆ, ಸೋಮವಾರ ಮಾಡಿ ಎಂದರು. ಮೇಜಿನ ಡ್ರಾಯರಿನಿಂದ ಥರ್ಮಾಮೀಟರ್ ತೆಗೆದುಕೊಂಡು, “ನಡಿಯೇ” ಎಂದಳು.

ದಾರಿಯುದ್ದಕ್ಕೂ ನಾನು ಬೈದೆ. “ಮನೇಲಿ ಗ್ಯಾಸ್ ಆರಿಸಿದ್ದೀನಿ ಅಂದ್ರೆ ನಂಬಲ್ಲ, ಖಾಲಿ ಹಾಳೆಗೆ ಸಹಿ ಹಾಕ್ತೀಯಾ? ನಿನಗೇನು ತಲೆ ಕೆಟ್ಟಿತ್ತಾ?” ಕನ್ನಡಿಯಲ್ಲಿ ನೋಡಿದರೆ, ಅವಳು ಥರ್ಮಾಮೀಟರನ್ನು ಮೂರನೇ ಸಲ ತೆಗೆದು ನೋಡುತ್ತಿದ್ದಳು.

ಮೊದಲನೇ ಮಹಡಿಯ ವಾರ್ಡಿನಲ್ಲಿ ಎಂಟು ಪೆಟ್ಟಿಗೆಗಳಿದ್ದವು, ಪ್ರತಿಯೊಂದಕ್ಕೂ ಅಕ್ಕನ ಸಹಿಯಿದ್ದ ಪತ್ರ ನೇತುಹಾಕಿದ್ದರು. ನರ್ಸಮ್ಮ ಮೊದಲು ಗದರಿದರು. ಅಕ್ಕ ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ತಾವೇ ಒಂದೊಂದಾಗಿ ಪೆಟ್ಟಿಗೆಯೊಳಕ್ಕೆ ಥರ್ಮಾಮೀಟರ್ ಇಟ್ಟು ನೋಡತೊಡಗಿದರು. ಮೊದಲ ಮೂರರಲ್ಲಿ ವ್ಯತ್ಯಾಸ ಅಷ್ಟೇನೂ ಇರಲಿಲ್ಲ. ನಾಲ್ಕನೆಯದರ ಪರದೆ ಮೂವತ್ತನಾಲ್ಕು ಡಿಗ್ರಿ ಎನ್ನುತ್ತಿತ್ತು. ಥರ್ಮಾಮೀಟರ್ ಮೂವತ್ತಾರೂವರೆ ದಾಟಿತು.

“ಅಯ್ಯೋ ದೇವರೇ, ಈ ಮಗೂಗೆ ಮೂರು ದಿನದಿಂದ ಜ್ವರ ಅಂತ ಸೂಜಿ ಮೇಲೆ ಸೂಜಿ ಚುಚ್ತಿದೀವಿ!” ಎಂದರು ನರ್ಸಮ್ಮ. “ಪೆಟ್ಟಿಗೆ ಸರಿಯಾಗೇ ತೋರಿಸ್ತಿತ್ತಲ್ಲ, ಅನುಮಾನವೇ ಬರ್ಲಿಲ್ಲ.” ಹೇಳುತ್ತಲೇ ಕೂಸನ್ನು ಎತ್ತಿ, ಆಗಲೇ ನೋಡಿದ್ದ ಮೂರರಲ್ಲಿ ಖಾಲಿಯಿದ್ದ ಪೆಟ್ಟಿಗೆಗೆ ಹಾಕಿದರು. ಕೆಂಪಗೆ ಸುಟ್ಟುಕೊಂಡಂತಿದ್ದ ಅದಕ್ಕೆ ಅಳಲೂ ತ್ರಾಣವಿರಲಿಲ್ಲ.

ಪಕ್ಕದ ಸ್ಟೂಲಿನ ಮೇಲಿದ್ದ ತಾಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗೋಡೆ ಹಿಡಿದು ಎದ್ದು ಬಂದು ಪತ್ರವನ್ನು ಕಿತ್ತುಕೊಂಡಳು.

“ಇದಕ್ಕೆ ಸಹಿ ಹಾಕಿದ್ದು ಯಾರು?”

ಮ್ಯಾನೇಜರನ ಹೆಸರು ಹೇಳಿ, ಅವನ ಏಳು ತಲೆಮಾರನ್ನೂ ಸೇರಿಸಿ ಬೈಯಲು ನಾನು ಬಾಯಿ ತೆರೆದೆ. ಅಕ್ಕ ನನ್ನ ತೋಳನ್ನು ಬಿಗಿಯಾಗಿ ಹಿಡಿದಳು.

“ನಾನಮ್ಮ. ನೋಡದೆ ಹಾಕ್ದೆ.”

ಆ ತಾಯಿ ಅಕ್ಕನ ಕೆನ್ನೆಗೆ ಬಾರಿಸಿದಳು. ಮೈಯಲ್ಲಿ ರಕ್ತವಿಲ್ಲದ ಬಾಣಂತಿ, ಆದರೂ ವಾರ್ಡಿಗೆಲ್ಲ ಕೇಳಿಸಿತು. ಅಕ್ಕ ಕದಲಲಿಲ್ಲ, ಕೆನ್ನೆ ಕೂಡ ಮುಟ್ಟಿಕೊಳ್ಳಲಿಲ್ಲ. ನರ್ಸಮ್ಮನ ಜೊತೆ ಉಳಿದ ನಾಲ್ಕನ್ನೂ ನೋಡಿ ಮುಗಿಸಿ, ಥರ್ಮಾಮೀಟರನ್ನು ಒರೆಸಿಕೊಂಡಳು.

“ಸಿಸ್ಟರ್, ಇನ್ನೂ ಮೂವತ್ತೆರಡಿವೆ. ಯಾವ ಮಹಡಿ?”