ಅರಗಣ್ಣ ಒಡೆದ ಮುದ್ರೆ

ನಮ್ಮ ಅಬಕಾರಿ ಕಚೇರಿಯಲ್ಲಿ ಅವರನ್ನು ಎಲ್ಲರೂ ಅರಗಣ್ಣ ಎಂದೇ ಕರೆಯುತ್ತಿದ್ದೆವು. ಹುದ್ದೆ ಜವಾನನದು. ಫೈಲು ಹೊರುವುದು, ಅಂಚೆ ತರುವುದು, ನಿಂತ ಗಡಿಯಾರಕ್ಕೆ ಸೆಲ್ಲು ಹಾಕುವುದು, ಇವೆಲ್ಲ ಇದ್ದದ್ದೇ. ಆದರೆ ವರ್ಷದಲ್ಲಿ ಐದು ಸಂಜೆ ಮಾತ್ರ ಇಡೀ ಊರು ಅವರು ಎಲ್ಲಿದ್ದಾರೆ, ಯಾವ ಬೀದಿಗೆ ಬಂದರು ಎಂದು ವಿಚಾರಿಸುತ್ತಿತ್ತು.

ಐದು ಪವಿತ್ರ ದಿನಗಳಲ್ಲಿ ಬಾರಾಗಲಿ ಹೆಂಡದಂಗಡಿಯಾಗಲಿ ತೆರೆಯಕೂಡದು ಎಂಬುದು ಕಾನೂನು. ಹಿಂದಿನ ಸಂಜೆ ಐದರೊಳಗೆ ಪ್ರತಿ ಅಂಗಡಿಯ ಬಾಗಿಲಿಗೂ ಬಿಳಿ ಬಟ್ಟೆಯ ಪಟ್ಟಿ ಕಟ್ಟಿ, ಗಂಟಿನ ಮೇಲೆ ಕೆಂಪು ಅರಗು ಕರಗಿಸಿ ಬಿಟ್ಟು, ಹಿತ್ತಾಳೆಯ ಮುದ್ರೆ ಒತ್ತಬೇಕು. ನಿಯಮದಲ್ಲಿ ಅದು ಇನ್ಸ್‌ಪೆಕ್ಟರರ ಕೆಲಸ. ಆದರೆ ಇನ್ಸ್‌ಪೆಕ್ಟರು ಜೀಪಿನಲ್ಲಿ ಕೂತಿರುತ್ತಿದ್ದರು, ಒತ್ತುತ್ತಿದ್ದವರು ಅರಗಣ್ಣ.

ನಾನು ಆಗ ಅಲ್ಲಿ ಟೈಪಿಸ್ಟು. ಮುಂದೆ ಅವರ ಮೇಲೆ ವಿಚಾರಣೆ ನಡೆದಾಗ ಹೇಳಿಕೆ ಟೈಪು ಮಾಡಿದವಳೂ ನಾನೇ. ಹೇಳಿಕೆಯಲ್ಲಿ ಬರದ ಮಾತುಗಳನ್ನು ಅವರೇ ಆಮೇಲೆ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಸ್ವಲ್ಪ ಸ್ವಲ್ಪವಾಗಿ ಹೇಳಿದರು.

ಅರಗಿನ ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. "ಜಾಸ್ತಿ ಕಾದ್ರೆ ಕಪ್ಪಾಗುತ್ತೆ, ಕಮ್ಮಿ ಕಾದ್ರೆ ಮುದ್ರೆಗೇ ಅಂಟ್ಕೊಂಡು ಬರುತ್ತೆ. ಒತ್ತೋಕೆ ಮುಂಚೆ ಮುದ್ರೆಗೆ ಒಂಚೂರು ಎಂಜಲು ತಾಗಿಸ್ಬೇಕು ತಂಗಿ. ಸರ್ಕಾರದ ಮಾನ ಉಳಿಯೋದು ನನ್ನ ಎಂಜಲಲ್ಲಿ," ಅನ್ನುತ್ತಿದ್ದರು. ಬಿಸಿ ಹನಿ ಬಿದ್ದು ಬಿದ್ದು ಬಲಗೈ ಹೆಬ್ಬೆರಳು ಜಡ್ಡುಗಟ್ಟಿತ್ತು.

ಆ ಸಂಜೆಗಳಲ್ಲಿ ಅಂಗಡಿಗಳ ಮುಂದೆ ನಾಳೆ ಪ್ರಳಯವೇ ಆಗುತ್ತದೇನೋ ಎಂಬಂಥ ನೂಕುನುಗ್ಗಲು. ತರಕಾರಿ ಚೀಲ, ಹೆಲ್ಮೆಟ್ಟು, ಮಗುವಿನ ಶಾಲೆಯ ಬ್ಯಾಗು, ಎಲ್ಲದರೊಳಗೂ ಬಾಟಲಿ. ಮೂವತ್ತೊಂದು ಅಂಗಡಿ, ಮೂವತ್ತೊಂದು ಕಡೆಯೂ ಅದೇ ಗೋಗರೆತ.

"ಅರಗಣ್ಣಾ, ಹತ್ತೇ ನಿಮಿಷ. ನಿಮ್ಮ ಅರಗು ಕರಗೋವರೆಗಾದ್ರೂ ಬಿಡಿ."

"ಅರಗು ಕರಗುತ್ತಪ್ಪ, ನಾನು ಕರಗಲ್ಲ."

ಮುದ್ರೆ ಒತ್ತಿ ಆದ ಮೇಲೆ ಬಾಗಿಲಿಗೆ ಬೆನ್ನು ಹಾಕಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಒಂದೇ ಪಾಠ ಒಪ್ಪಿಸುತ್ತಿದ್ದರು. "ನೋಡ್ರಪ್ಪಾ, ಇದು ಬಟ್ಟೆ ಅಲ್ಲ, ಸರ್ಕಾರ. ಮುಟ್ಟಿದ್ರೆ ಆರು ತಿಂಗಳು ಜೈಲು. ನಾನೇ ಮುಟ್ಟಿದ್ರೂ ಆರು ತಿಂಗಳು ಜೈಲು." ಇಪ್ಪತ್ತೆರಡು ವರ್ಷ ಇದನ್ನೇ ಹೇಳಿದ್ದರು. ಒಂದು ಸಲವೂ ಯಾರೂ ಮುಟ್ಟಿರಲಿಲ್ಲ. ಇದು ಅವರಿಗೆ ದೊಡ್ಡ ಹೆಮ್ಮೆ.

ಇಷ್ಟಾಗಿ ಅವರು ಭಕ್ತರೇನಲ್ಲ. ಉಪವಾಸ ಅಂದರೆ ದೂರ. ಕುಡಿತವೂ ಇಲ್ಲ. ವಾಸನೆಗೇ ತಲೆನೋವು ಬರುತ್ತಿತ್ತಂತೆ. ಅವರ ಹೆಂಡತಿ ನಮ್ಮ ಕಚೇರಿಗೆ ಊಟದ ಡಬ್ಬಿ ಕೊಡಲು ಬಂದಾಗ ನಮ್ಮೆದುರೇ ಅನ್ನುತ್ತಿದ್ದರು: "ಊರಿನವರ ಗಂಟಲಿಗೆಲ್ಲ ಬೀಗ ಹಾಕ್ತಾರೆ, ಮನೆ ನಲ್ಲಿ ಸೋರೋದನ್ನ ಮಾತ್ರ ನಿಲ್ಲಿಸೋಕೆ ಬರಲ್ಲ."

ಆ ವರ್ಷ ದೊಡ್ಡ ಉಪವಾಸದ ದಿನಕ್ಕೆ ಮಾರನೆಯ ದಿನವೂ ಸೇರಿಕೊಂಡು ಅಂಗಡಿಗಳು ಎರಡು ದಿನ ಮುಚ್ಚಬೇಕಾಗಿತ್ತು. ಹಿಂದಿನ ಸಂಜೆ ಕೊನೆಯದಾಗಿ ಉಳಿದದ್ದು ಬಸ್ ನಿಲ್ದಾಣದ ಹಿಂದಿನ ಬಾರು. ಐದಕ್ಕೆ ಐದು ನಿಮಿಷ. ಇನ್ಸ್‌ಪೆಕ್ಟರು ಪ್ರಾರ್ಥನೆಗೆಂದು ತಮ್ಮ ಊರಿಗೆ ಹೊರಟವರು. ಜೀಪಿನಲ್ಲಿ ಕೂತು ಹಾರ್ನ್ ಮಾಡುತ್ತಿದ್ದರು. ಅರಗಣ್ಣ ಮುಂದಿನ ಶಟರಿಗೆ ಮುದ್ರೆ ಹಾಕಿ ಹಿತ್ತಲ ಕಡೆಗೆ ಬಂದರು. ಹಿಂಬಾಗಿಲಿನ ಬೀಗ ಕೆಟ್ಟು ತಿಂಗಳಾಗಿತ್ತು. ಮಾಲೀಕ, "ಚಿಲಕದ ಬಳೆಗೇ ಪಟ್ಟಿ ಕಟ್ಟಿಬಿಡಿ ಅರಗಣ್ಣ, ಸರ್ಕಾರಕ್ಕಿಂತ ದೊಡ್ಡ ಬೀಗ ಉಂಟಾ?" ಅಂದ. ಅವನಿಗೂ ಊರಿಗೆ ಹೋಗುವ ಅವಸರ.

ಮುದ್ರೆ ಹಾಕುವ ಮುಂಚೆ ಒಳಗೆ ಹೋಗಿ ಪ್ರತಿ ಕೋಣೆಯನ್ನೂ ನೋಡಬೇಕು; ನೋಡಿದ್ದೇವೆ ಎಂದು ಫಾರಂನಲ್ಲಿ ಬರೆದಿರುತ್ತದೆ, ಕೆಳಗೆ ಸಹಿ. ಅರಗಣ್ಣ ಹೊಸ್ತಿಲ ಮೇಲೆ ನಿಂತು ಕತ್ತು ಚಾಚಿ, "ಯಾರಾದ್ರೂ ಇದ್ದೀರಾ?" ಎಂದು ಕೂಗಿದರು. ಉತ್ತರ ಬರಲಿಲ್ಲ. ಮಾಲೀಕ, "ಎಲ್ಲ ಹೋದ್ರು," ಅಂದ. ಜೀಪು ಮತ್ತೆ ಹಾರ್ನ್ ಮಾಡಿತು. ಅವರು ಬಾಗಿಲು ಎಳೆದು, ಪಟ್ಟಿ ಕಟ್ಟಿ, ಅರಗು ಬಿಟ್ಟು, ಮುದ್ರೆ ಒತ್ತಿದರು.

ಮಾರನೆಯ ಬೆಳಿಗ್ಗೆ ಎಂಟರ ಸುಮಾರಿಗೆ, ಹೆಂಡತಿಯ ಕಾಟ ತಾಳಲಾರದೆ ಇಕ್ಕಳ ಹಿಡಿದು ಅಡುಗೆಮನೆಯ ನಲ್ಲಿಯ ಮುಂದೆ ಕೂತಿದ್ದಾಗ, ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಳು. ಆ ಬಾರಿನಲ್ಲಿ ಗ್ಲಾಸು ತೊಳೆಯುವವನ ಹೆಂಡತಿ.

"ಅಣ್ಣಾ, ನಮ್ಮನೆಯವರು ಒಳಗೇ ಇದ್ದಾರೆ."

"ಎಲ್ಲಿ ಒಳಗೆ?"

"ಬಾರಲ್ಲಿ. ನಿನ್ನೆ ಮಧ್ಯಾಹ್ನ ಮೈ ಸರಿ ಇಲ್ಲ ಅಂತ ಉಗ್ರಾಣದಲ್ಲಿ ಕ್ರೇಟುಗಳ ಹಿಂದೆ ಮಲಗಿದ್ರಂತೆ. ಅವರಿಗೆ ಕಿವಿ ಕೇಳಲ್ಲ ಅಣ್ಣಾ. ರಾತ್ರಿಯೆಲ್ಲ ಗೆಳೆಯರ ಮನೇಲಿದ್ದಾರೇನೋ ಅನ್ಕೊಂಡಿದ್ದೆ. ಬೆಳಿಗ್ಗೆ ಹೋಗಿ ನೋಡಿದ್ರೆ ಬಾಗಿಲ ಸಂದಿಯಲ್ಲಿ ಕಣ್ಣು ಕಾಣ್ತು. 'ಮುದ್ರೆ ಇದೆ, ನೀನು ಮುಟ್ಟಬೇಡ, ಅವರನ್ನೇ ಕರ್ಕೊಂಡು ಬಾ' ಅಂತಾರೆ. ಸಕ್ಕರೆ ಕಾಯಿಲೆ ಬೇರೆ. ನಿನ್ನೆಯಿಂದ ಹೊಟ್ಟೆಗೇನೂ ಇಲ್ಲ."

ಅರಗಣ್ಣ ಇಕ್ಕಳ ಹಿಡಿದೇ ಎದ್ದರು. ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದರು, ಸ್ವಿಚ್ ಆಫ್. ಮೇಲಿನ ಸಾಹೇಬರ ಮನೆಗೆ ಮಾಡಿದರು. ಪ್ರಾರ್ಥನೆಗೆ ಹೋಗಿದ್ದಾರೆ, ಸಂಜೆಗೆ ಬರುತ್ತಾರೆ ಎಂದು ಯಾರೋ ಹೇಳಿ ಇಟ್ಟರು. ಬಾರಿನ ಮಾಲೀಕ ಎತ್ತಲೇ ಇಲ್ಲ. ಮುದ್ರೆ ಒಡೆಯಲು ಇನ್ಸ್‌ಪೆಕ್ಟರಿಗೆ ಮಾತ್ರ ಅಧಿಕಾರ. ಆ ನಿಯಮವನ್ನು ಅರಗಣ್ಣನಷ್ಟು ಚೆನ್ನಾಗಿ ಬಲ್ಲವರು ಜಿಲ್ಲೆಯಲ್ಲೇ ಇರಲಿಲ್ಲ.

"ಯೋಚನೆ ಮಾಡ್ತಾ ನಿಂತ್ರೆ ಅಲ್ಲೊಂದು ಜೀವ ಹೋಗುತ್ತೆ," ಅಂದರು ಹೆಂಡತಿ, ಫ್ಲಾಸ್ಕಿಗೆ ಸಕ್ಕರೆ ಹಾಕಿದ ಟೀ ಬಗ್ಗಿಸುತ್ತಾ. "ಹೋಗಿ ಮೊದಲು. ಕೆಲಸ ಹೋದ್ರೆ ಆಮೇಲೆ ನೋಡ್ಕೊಳ್ಳೋಣ."

ಕೈಯಲ್ಲಿದ್ದ ಇಕ್ಕಳ ಕೆಳಗಿಡುವುದನ್ನೂ ಮರೆತು ಹೊರಟರು.

ಹಿಂಬಾಗಿಲು ಕಡ್ಡಿಯಷ್ಟು ತೆರೆದಿತ್ತು. ಸಂದಿಯಲ್ಲಿ ಒಂದು ಕಣ್ಣು, ಬಿಳಿ ಗಡ್ಡದ ತುಣುಕು. ಒಳಗಿದ್ದವನಿಗೂ ಇವರಿಗೂ ನಡುವೆ ಇದ್ದದ್ದು ಎರಡು ಬೆರಳಗಲದ ಬಟ್ಟೆ, ಒಂದು ಗೋಲಿಯಷ್ಟು ಅರಗು. ಒಳಗೆ ಅಗಳಿಯೂ ಹಾಕಿರಲಿಲ್ಲ. ಭುಜ ಕೊಟ್ಟು ತಳ್ಳಿದ್ದರೆ ಪಟ್ಟಿ ಹರಿದು ಹಿಂದಿನ ರಾತ್ರಿಯೇ ಮನೆ ಸೇರುತ್ತಿದ್ದ.

"ಅಲ್ಲ ಪುಣ್ಯಾತ್ಮ, ಒಂದ್ಸಲ ತಳ್ಳಬಾರದಾಗಿತ್ತಾ?"

ಗ್ಲಾಸು ತೊಳೆಯುವವನು ಅವರ ತುಟಿಯನ್ನೇ ನೋಡುತ್ತಿದ್ದ. "ನೀವೇ ಹೇಳಿದ್ರಲ್ಲ ಅಣ್ಣ. ಮುಟ್ಟಿದ್ರೆ ಜೈಲು ಅಂತ. ನೀವು ಮುಟ್ಟಿದ್ರೂ ಜೈಲು ಅಂತ. ಕಿವಿ ಕೇಳದಿದ್ರೇನಂತೆ, ನಿಮ್ಮ ತುಟಿ ಓದ್ಕೊಂಡಿದ್ದೀನಿ. ವರ್ಷಕ್ಕೆ ಐದು ಸಲ."

ಈ ಮಾತನ್ನು ನನಗೆ ಹೇಳುವಾಗ ಅರಗಣ್ಣ ಊಟ ಬಿಟ್ಟು ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳವನ್ನೇ ತಿರುಗಿಸುತ್ತಾ ಕೂತಿದ್ದರು. "ಹೊರಗಿನವರು ಹೆದರ್ಲಿ ಅಂತ ಹೇಳ್ತಿದ್ದೆ ತಂಗಿ. ಒಳಗೊಬ್ಬ ಹೆದರ್ಕೊಂಡು ಕೂತಿರ್ತಾನೆ ಅಂತ ನನಗೇನು ಗೊತ್ತು?"

ಇಕ್ಕಳದಿಂದ ಒಂದೇ ಅದುಮು. ಅರಗು ಚೂರಾಯಿತು, ಪಟ್ಟಿ ಜಾರಿತು. ಗ್ಲಾಸು ತೊಳೆಯುವವನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದ. ಅವನ ಹೆಂಡತಿ ಫ್ಲಾಸ್ಕಿನ ಟೀಯನ್ನು ಲೋಟಕ್ಕೆ ಬಗ್ಗಿಸಿ ಕುಡಿಸಿದಳು. ಒಳಗೆ ಕೌಂಟರಿನ ಮೇಲೆ ಬುಟ್ಟಿ ತುಂಬಾ ಹುರಿದ ಕಡಲೆಬೀಜದ ಪೊಟ್ಟಣಗಳು ಇದ್ದವು. ಒಂದನ್ನೂ ಅವನು ಮುಟ್ಟಿರಲಿಲ್ಲ.

"ಅದನ್ನಾದ್ರೂ ತಿನ್ನಬಾರದಾಗಿತ್ತಾ?"

"ಮಾಲೀಕರದ್ದಲ್ವಾ," ಅಂದ.

ಗಂಡಹೆಂಡತಿಯನ್ನು ರಿಕ್ಷಾ ಹತ್ತಿಸಿ ಕಳಿಸಿದ ಮೇಲೆ ಅರಗಣ್ಣನಿಗೆ ಇನ್ನೊಂದು ಫಜೀತಿ ಹೊಳೆಯಿತು. ಮುದ್ರೆ ಕಚೇರಿಯ ಕಪಾಟಿನಲ್ಲಿದೆ, ಕಪಾಟಿನ ಬೀಗದ ಕೈ ಇನ್ಸ್‌ಪೆಕ್ಟರರ ಜೇಬಿನಲ್ಲಿದೆ. ಬಾರಿನ ತುಂಬ ಬಾಟಲಿ, ಬಾಗಿಲಿಗೆ ಬೀಗವಿಲ್ಲ. ಬಿಟ್ಟು ಹೋಗುವ ಹಾಗಿಲ್ಲ. ಖಾಲಿ ಕ್ರೇಟೊಂದನ್ನು ಬೋರಲು ಹಾಕಿ ಬಾಗಿಲಿಗೆ ಅಡ್ಡ ಕೂತರು.

ಹತ್ತು ಗಂಟೆಯ ಹೊತ್ತಿಗೆ ಅದು ಹೇಗೆ ಮೂಗಿಗೆ ಬಡಿಯಿತೋ, ಮೂವರು ಹಿತ್ತಲಿಗೆ ಬಂದರು. "ಅರಗಣ್ಣ, ಒಂದೇ ಒಂದು ಕ್ವಾರ್ಟರು. ನೀವೇ ತೆಗೆದಿದ್ದೀರಿ ಅಂದ್ಮೇಲೆ ಕಾನೂನೇ ತೆಗೆದ ಹಾಗಲ್ವಾ?" ಅವರನ್ನು ಗದರಿಸಿ ಅಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿಸಿ ಬಂದವರ ಗುಂಪು ಅದೇ ಓಣಿಗೆ ತಿರುಗಿತು. ಉಪವಾಸದ ದಿನ, ಬಾರಿನ ಬಾಗಿಲು ತೆರೆದಿದೆ, ಎದುರಿಗೆ ಅಬಕಾರಿ ಕಚೇರಿಯವನೇ ಕೂತಿದ್ದಾನೆ! ಒಬ್ಬ ಫೋಟೊ ತೆಗೆದ. ಒಬ್ಬರು ಹಿರಿಯರು, "ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತು," ಅಂದು ಉಗಿದು ಹೋದರು. ಅರಗಣ್ಣ ನಡೆದದ್ದನ್ನು ಮೂರು ಸಲ ವಿವರಿಸಿದರು. ಯಾರೂ ನಂಬಲಿಲ್ಲ.

ಸಂಜೆ ನಾಲ್ಕಕ್ಕೆ ಇನ್ಸ್‌ಪೆಕ್ಟರು ಧಾವಿಸಿ ಬಂದರು. ಫೋಟೊ ಅವರ ಊರನ್ನೂ ಮುಟ್ಟಿತ್ತು.

"ಏನ್ರೀ ಮಾಡಿದ್ರಿ ಇದು? ಆ ಫಾರಂ ಮೇಲೆ ನನ್ನ ಸಹಿ ಇದೆ!"

"ನನ್ನದೂ ಇದೆ ಸಾರ್."

ವಿಚಾರಣೆ ನಾಲ್ಕನೆಯ ದಿನ. ಜಿಲ್ಲೆಯಿಂದ ದೊಡ್ಡ ಸಾಹೇಬರು ಬರುವ ಮುಂಚೆ ಇನ್ಸ್‌ಪೆಕ್ಟರು ಅರಗಣ್ಣನನ್ನು ನನ್ನ ಮೇಜಿನ ಪಕ್ಕಕ್ಕೇ ಕರೆದು, ದನಿ ತಗ್ಗಿಸಿ ಹೇಳಿದರು: "ಸುಲಭದ ದಾರಿ ಇದೆ. ನಾವು ಎಲ್ಲ ಕೋಣೆ ನೋಡಿದ್ವಿ. ಆ ಮನುಷ್ಯ ಕಳ್ಳತನಕ್ಕೆ ಅಂತ ಬಚ್ಚಿಟ್ಕೊಂಡಿದ್ದ. ಇಷ್ಟು ಬರೆದುಕೊಡಿ ಸಾಕು, ನೀವೂ ಉಳೀತೀರಿ, ನಾನೂ ಉಳೀತೀನಿ."

"ಅವನ ಗತಿ ಸಾರ್?"

"ಅವನಿಗೇನು, ಎರಡು ದಿನ ಠಾಣೆಗೆ ಅಲೀತಾನೆ."

ಅರಗಣ್ಣ ನನ್ನ ಕಡೆ ತಿರುಗಿದರು. ನಾನು ಕಾಗದ ಸರಿಮಾಡುತ್ತಿರುವವಳ ಹಾಗೆ ತಲೆ ತಗ್ಗಿಸಿದ್ದೆ. ಸುಳ್ಳು ಯಾಕೆ, ಅವರು ಒಪ್ಪಿಕೊಂಡುಬಿಡಲಿ ಎಂದೇ ನನ್ನ ಮನಸ್ಸೂ ಬಯಸಿತ್ತು. ನಿವೃತ್ತಿಗೆ ನಾಲ್ಕೇ ವರ್ಷ ಉಳಿದಿತ್ತು ಅವರಿಗೆ.

"ಕಡಲೆಬೀಜ ಮುಟ್ಟದ ಕಳ್ಳನ್ನ ಎಲ್ಲಾದ್ರೂ ನೋಡಿದ್ದೀರಾ ಸಾರ್?" ಅಂದರು ಅರಗಣ್ಣ. ಆಮೇಲೆ ನನಗೆ, "ಟೈಪು ಮಾಡಮ್ಮ. ನಾನು ಒಳಗೆ ಹೋಗಿ ನೋಡಲಿಲ್ಲ. ಹೊಸ್ತಿಲಲ್ಲಿ ನಿಂತು ಕೂಗಿದೆ. ನೋಡಿದೆ ಅಂತ ಸಹಿ ಹಾಕಿದ್ದು ತಪ್ಪು. ಮುದ್ರೆ ಒಡೆದವನು ನಾನೇ. ಅದು ತಪ್ಪು ಅಂತ ನನಗನ್ನಿಸಲ್ಲ. ಅಷ್ಟೇ."

ಹಾರ್ನಿನ ವಿಷಯ ಅವರು ಎತ್ತಲೇ ಇಲ್ಲ. ನಾನು ಕೇಳಿದ್ದಕ್ಕೆ, "ಹಾರ್ನು ಅವರದು, ಕಾಲು ನನ್ನದು," ಅಂದರು.

ದೊಡ್ಡ ಸಾಹೇಬರು ಹೇಳಿಕೆಯನ್ನು ಎರಡು ಸಲ ಓದಿದರು. ಗ್ಲಾಸು ತೊಳೆಯುವವನನ್ನು ಕರೆಸಿ, ಎದುರಿಗೆ ಕೂರಿಸಿ, ನಿಧಾನವಾಗಿ ತುಟಿ ಅಲ್ಲಾಡಿಸಿ ಪ್ರಶ್ನೆ ಕೇಳಿದರು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಜೈಲೂ ಆಗಲಿಲ್ಲ, ಕೆಲಸವೂ ಹೋಗಲಿಲ್ಲ. ಇನ್ಸ್‌ಪೆಕ್ಟರಿಗೆ ವರ್ಗಾವಣೆ. ಅರಗಣ್ಣನಿಗೆ ಎಚ್ಚರಿಕೆ ಪತ್ರ, ಜೊತೆಗೆ ಮುದ್ರೆಯ ಕೆಲಸದಿಂದ ಬಿಡುಗಡೆ. ಹಳೆಯ ಫೈಲುಗಳ ಕೋಣೆಗೆ ಹಾಕಿದರು.

ಅದು ಅವರಿಗೆ ಹೇಳಿಕೊಳ್ಳಲಾಗದ ಪೆಟ್ಟು. ಮೊದಲ ವರ್ಷ, ಪವಿತ್ರ ದಿನದ ಹಿಂದಿನ ಸಂಜೆ ಜೀಪು ಹೊರಟಾಗ ಕಿಟಕಿಯ ಹತ್ತಿರ ಬಂದು ನಿಂತರು. ಎರಡನೆಯ ವರ್ಷದಿಂದ ನಿಲ್ಲಲಿಲ್ಲ. ಅಷ್ಟರಲ್ಲಿ ಅರಗೂ ಹೋಗಿ, ನಂಬರು ಹಾಕಿದ ಪ್ಲಾಸ್ಟಿಕ್ ಬೀಗ ಬಂದಿತ್ತು. ಫಾರಂನಲ್ಲಿ ಒಂದು ಹೊಸ ಸಾಲೂ ಸೇರಿತ್ತು: ಅಂಗಡಿಯ ಪ್ರತಿಯೊಬ್ಬ ಕೆಲಸಗಾರನೂ ಹೊರಗೆ ನಿಂತು ಸಹಿ ಮಾಡಿದ ಮೇಲೆಯೇ ಬಾಗಿಲು ಮುಚ್ಚತಕ್ಕದ್ದು. ಆ ಸಾಲನ್ನು ಟೈಪು ಮಾಡಿದ ದಿನ ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿ, "ಇಷ್ಟು ಸಣ್ಣ ವಿಷಯ ನೋಡು, ಇಪ್ಪತ್ತೆರಡು ವರ್ಷ ಯಾರಿಗೂ ಹೊಳೀಲಿಲ್ಲ," ಅಂದು ಕಾಗದ ವಾಪಸು ಕೊಟ್ಟರು.

ಗ್ಲಾಸು ತೊಳೆಯುವವನು ಆ ತಿಂಗಳೇ ಬಾರು ಬಿಟ್ಟ. ಬಿಟ್ಟ ಅನ್ನುವುದಕ್ಕಿಂತ ಹೆಂಡತಿ ಬಿಡಿಸಿದಳು. ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ಅರಗಣ್ಣ ನಿವೃತ್ತರಾದ ಮರುವರ್ಷ ಅವರ ಹೆಂಡತಿಯ ಮಂಡಿಯ ಆಪರೇಷನ್ ಅಲ್ಲೇ ಆಯಿತು. ನಾನು ನೋಡಲು ಹೋದ ದಿನ ಅವನು ಮಹಡಿ ಹತ್ತಿ ಬಿಸಿ ಹಾಲು ತಂದಿದ್ದ. ಹಾಸಿಗೆಯ ಪಕ್ಕದಲ್ಲಿ ಅರಗಣ್ಣ, ಎದುರಿಗೆ ಅವನು. ಇಬ್ಬರೂ ಬಾಯಿ ದೊಡ್ಡದಾಗಿ ತೆರೆದು, ದನಿಯೇ ಇಲ್ಲದೆ ಏನೋ ಹರಟುತ್ತಿದ್ದರು.

"ಏನಂತೆ ಅತ್ತಿಗೆ ಇವರಿಬ್ಬರದು?" ಅಂದೆ.

"ದಿನಾ ಇದೇ ಕಣಮ್ಮ," ಅಂದರು ಅವರು ದಿಂಬಿಗೆ ಒರಗಿಕೊಂಡು. "ನನ್ನ ಮೇಲೆ ದೂರು ಹೇಳ್ತಿರ್ತಾರೆ. ನನಗೆ ಕೇಳಿಸಬಾರದು ಅಂತ ಈ ವಿದ್ಯೆ ಕಲ್ತಿದ್ದಾರೆ."