ಘಾಟಿಲ್ಲದ ಈರುಳ್ಳಿ

ನನಗೆ ಅನುಮಾನ ಹುಟ್ಟಿನಿಂದಲೇ ಬಂದದ್ದು. ಹಾಲಿನವನು ತಂದ ಹಾಲನ್ನು ಉಗುರಿನ ಮೇಲೆ ಹನಿಸಿ ನೋಡುತ್ತೇನೆ, ಸಂತೆಯಲ್ಲಿ ತಕ್ಕಡಿಯ ತಳಕ್ಕೆ ಬಗ್ಗಿ ನೋಡುತ್ತೇನೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಕಟ್ಟಿದವರು ನಮ್ಮ ತವರಿನವರೇ ಇರಬೇಕು. ಶನಿವಾರಸಂತೆ ಕಡೆಯಿಂದ ಕುಶಾಲನಗರದ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಇವರ ಮಾತಿನ ಮೇಲೂ ಅನುಮಾನ ಶುರುವಾಯಿತು. ಮೈಸೂರು ಕಡೆಯಿಂದ ಬಂದು ನೆಲೆನಿಂತ ಇವರ ನಾಲಿಗೆಗೆ ‘ಳ’ ಒಗ್ಗುವುದಿಲ್ಲ. ಬಾಳೆಹಣ್ಣು ಬಾಲೆಹಣ್ಣಾಗುತ್ತದೆ, ಹುರುಳಿಕಾಳು ಹುರುಲಿಕಾಲಾಗುತ್ತದೆ. ಅವರು ಅಂದದ್ದನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಕೇಳುವುದು ನನಗೆ ರೂಢಿಯಾಗಿದೆ.

ಪಕ್ಕದ ಮನೆಯವಳು ಕೇರಳದ ಗಡಿಯ ಕರಿಕೆ ಕಡೆಯವಳು. ಮನೆಯಲ್ಲಿ ಮಲಯಾಳ ಆಡುತ್ತಾಳೆ, ನಮ್ಮೊಡನೆ ಕನ್ನಡ. ಹಬ್ಬಕ್ಕೆ ಪಾಯಸ, ಹಲಸಿನ ಕಾಲಕ್ಕೆ ಹಪ್ಪಳ, ಏನಾದರೊಂದು ಕೊಡುತ್ತಲೇ ಇರುತ್ತಾಳೆ. ಮೀನಿನ ಸಾರು ಕಲಕಿದ ಸೌಟೇ ಪಾಯಸಕ್ಕೂ ಬಿದ್ದಿರುತ್ತದೆ ಎಂದು ನನ್ನ ಗುಮಾನಿ. ನಾವು ಅದನ್ನೆಲ್ಲ ಮುಟ್ಟದವರು, ಹಾಗಾಗಿ ಅವಳು ಕೊಟ್ಟದ್ದು ದನದ ಬಾನಿಗೆ ಹೋಗುತ್ತದೆ. ಉಪ್ಪು, ಮೆಣಸಿನಕಾಯಿ ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಎಲ್ಲರೂ ಕೆಳಗಿಟ್ಟು ತೆಗೆದುಕೊಳ್ಳುತ್ತಾರಲ್ಲ, ಆ ಶಾಸ್ತ್ರವನ್ನು ನಾನು ಅವಳ ಮಟ್ಟಿಗೆ ಎಲ್ಲ ವಸ್ತುಗಳಿಗೂ ಹಚ್ಚಿದ್ದೆ. ಅವಳು ಬೇಲಿಯ ಕಲ್ಲುಕಂಬದ ಮೇಲೆ ಇಡಬೇಕು, ನಾವು ಎತ್ತಿಕೊಳ್ಳಬೇಕು. ಆ ಬೇಸಿಗೆಯಲ್ಲಿ ಅವಳ ಕೋಳಿಗಳು ನನ್ನ ಕೊತ್ತಂಬರಿ ಮಡಿ ಕೆದಕಿದಾಗ ನಾನು ನಾಲ್ಕು ಮಾತು ಹೆಚ್ಚೇ ಆಡಿದ್ದೆ.

ಅದಾದ ಕೆಲವೇ ದಿನಕ್ಕೆ ನಮ್ಮ ಯಜಮಾನರು ಒಂದು ಗೆಡ್ಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಮುಷ್ಟಿ ಗಾತ್ರ, ಬಿಳಿಚಿಕೊಂಡ ಸಿಪ್ಪೆ, ನೆತ್ತಿಯಲ್ಲಿ ಒಣಗಿದ ಉದ್ದ ಕಡ್ಡಿ.

“ಪಕ್ಕದ್ಮನೆಯೋರು ಕೊಟ್ರು ಕಣೆ. ಅದೇನೋ ಉಲ್ಲಿ ಅಂದ್ರು. ಕಾಲಿಗೆ ಹಾಕ್ಬೇಕಂತೆ.”

ಒಲೆಯ ಮೇಲೆ ಹುರುಳಿಕಾಳು ಬೇಯುತ್ತಿತ್ತು. ಕಾಲಿಗೆ ಅಂದರೆ ಕಾಳಿಗೆ. ತಿದ್ದಿಕೊಂಡೆ.

ಜಗಲಿಯಲ್ಲಿ ಕೂತಿದ್ದ ಅತ್ತೆಗೆ ಕಿವಿ ಚುರುಕು. “ನಾಟಿ ಈರುಲ್ಲಿ ಇದ್ದಾತು, ಹಾಕವ್ವ. ಬಿಸಿ ಬಿಸಿ ಮುದ್ದೆಗೆ ಚೆನ್ನಾಗಿರ್ತದೆ,” ಅಂದರು. ಪಾದದಲ್ಲಿ ಆಣಿ ಎದ್ದು ಅವರು ಆಗ ಅಂಗಾಲು ಊರಲಾರದೆ ಓರೆಯಾಗಿ ನಡೆಯುತ್ತಿದ್ದರು. ಓಡಾಟ ತಪ್ಪಿದ ಮೇಲೆ ಅವರಿಗೆ ಉಳಿದ ಸುಖ ಊಟವೊಂದೇ. ಮೊದಲ ತಟ್ಟೆ ಅವರದೇ.

ಗೆಡ್ಡೆಯನ್ನು ಎರಡು ಹೋಳು ಮಾಡಿದೆ. ಪದರಗಳೇನೋ ಈರುಳ್ಳಿಯ ಹಾಗೇ ಇದ್ದವು. ಆದರೆ ಘಾಟಿಲ್ಲ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಈಳಿಗೆಗೆ ಲೋಳೆ ಎಳೆಎಳೆಯಾಗಿ ಅಂಟಿತು. ಮೂಸಿದೆ, ಹಸಿ ಸೊಪ್ಪಿನ ವಾಸನೆ. ಫೋನಿನಲ್ಲಿ ಫೋಟೊ ತೆಗೆದು ಹುಡುಕಿದರೆ ಅದು ಒಮ್ಮೆ ಲಿಲ್ಲಿ ಅಂದಿತು, ಇನ್ನೊಮ್ಮೆ ಬೆಳ್ಳುಳ್ಳಿ ಅಂದಿತು. ಅದನ್ನೂ ನಾನು ನಂಬುವವಳಲ್ಲ.

ಕಡ್ಡಿಯನ್ನು ನೋಡಿದೆ. ಈರುಳ್ಳಿಯ ಹೂಕಡ್ಡಿ ಒಳಗೆ ಪೊಳ್ಳು, ತುದಿಯಲ್ಲಿ ಚೆಂಡಿನಂತೆ ಹೂ. ಇದು ಗಟ್ಟಿ, ಕಾಯಿಗಳು ಕಡ್ಡಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಅಂಟಿದ್ದವು. ಒಂದು ಕಾಯಿ ಒಡೆದು, ಬಿತ್ತನೆಗೆಂದು ಡಬ್ಬಿಯಲ್ಲಿಟ್ಟಿದ್ದ ಈರುಳ್ಳಿ ಬೀಜದ ಪಕ್ಕ ಸುರಿದೆ. ಎರಡೂ ಕಪ್ಪೇ. ನಮ್ಮದು ಮೂಲೆಮೂಲೆಯಾಗಿ ದುಂಡಗಿತ್ತು, ಉಜ್ಜಿದರೆ ಈರುಳ್ಳಿ ವಾಸನೆ ಬರುತ್ತಿತ್ತು. ಅವಳದು ಚಪ್ಪಟೆ, ಸುತ್ತ ಕಾಗದದಂಥ ಅಂಚು. ಉಸಿರು ಬಿಟ್ಟದ್ದಕ್ಕೇ ಹಾರಿ ನೆಲಕ್ಕೆ ಬಿತ್ತು.

ಆಗ ತವರಿನ ಗೋಮಾಳ ನೆನಪಾಯಿತು. ಸುಡು ಬಿಸಿಲಲ್ಲಿ ಒಂದೆಲೆಯೂ ಇಲ್ಲದೆ ಬರೀ ಹೂಕಡ್ಡಿ ನಿಲ್ಲುತ್ತಿತ್ತು, ಮಳೆ ಬಿದ್ದ ಮೇಲೆ ಎಲೆ. ಮುಟ್ಟಲು ಹೋದರೆ ಅಪ್ಪ ಗದರುತ್ತಿದ್ದರು: “ಕಾಡೀರುಳ್ಳಿ ಅದು, ವಿಷ. ದನನೂ ಮೂಸಲ್ಲ.” ಅಷ್ಟರಲ್ಲಿ ನನ್ನ ಬೆರಳ ಸಂದುಗಳು ತುರಿಸತೊಡಗಿದ್ದವು.

ಕೊತ್ತಂಬರಿ ಮಡಿಯ ಸಿಟ್ಟನ್ನು ಹೀಗೆ ತೀರಿಸಿಕೊಳ್ಳುವುದೇ? ಅತ್ತೆಯ ತಟ್ಟೆಯ ಮೂಲಕ? ಕಾಳಿನ ಪಾತ್ರೆ ಕೆಳಗಿಳಿಸಿ, ಅರ್ಧ ಗೆಡ್ಡೆ ಹಿಡಿದು ಬೇಲಿಗೆ ನಡೆದೆ. ಅವಳು ಬಟ್ಟೆ ಹರವುತ್ತಿದ್ದಳು.

“ಇದೇನು ಕೊಟ್ಟಿದ್ದು ನೀನು?”

“ಕಾಟುಳ್ಳಿ ಅಕ್ಕ.”

“ವಿಷ ಅಂತ ಗೊತ್ತಿದ್ದೇ ಕೊಟ್ಟೆಯಾ?”

“ಗೊತ್ತುಂಟು. ಯಾರಾದ್ರೂ ತಿಂತಾರಾ ಅದನ್ನ?” ಅವಳಿಗೆ ನಗು ಬಂತು. “ಕೆಂಡದಲ್ಲಿ ಸುಟ್ಟು, ಬೆಚ್ಚಗೆ ಇರುವಾಗ ಅಮ್ಮನ ಕಾಲಿಗೆ ಕಟ್ಲಿಕ್ಕೆ. ಆಣಿಗೆ. ಅಣ್ಣನ ಹತ್ರ ಹೇಳಿದೆನಲ್ಲ, ಕಾಲಿಗೆ ಅಂತ.”

ಅವಳು ‘ಕಾಲಿಗೆ’ ಅಂದದ್ದನ್ನು ಯಜಮಾನರು ಅಕ್ಷರ ತಪ್ಪದೆ ಹೇಳಿದ್ದರು. ಜನ್ಮದಲ್ಲಿ ಒಮ್ಮೆ ಅವರು ಸರಿಯಾಗಿ ಹೇಳಿದ್ದನ್ನೇ ನಾನು ತಿದ್ದಿದ್ದೆ. ನಾಚಿಕೆಯಾಯಿತು. ಆದರೂ ಅನುಮಾನ ಪೂರ್ತಿ ಬಿಡಲಿಲ್ಲ. ಬೈಸಿಕೊಂಡವಳಿಗೆ ನಮ್ಮ ಅತ್ತೆಯ ಆಣಿಯ ಚಿಂತೆ ಯಾಕೆ?

“ಯಾವಾಗಲೂ ತಿನ್ನೋದು ಕೊಡ್ತಿದ್ದೆ. ಈ ಸಲ ಇದ್ಯಾಕೆ?”

ಅವಳು ಒದ್ದೆ ಸೀರೆ ಕೊಡವಿ ಹಗ್ಗಕ್ಕೆ ಹಾಕಿದಳು.

“ನಾನು ಕೊಟ್ಟದ್ದು ನಿಮ್ಮಲ್ಲಿ ತಿನ್ನುದಿಲ್ಲ ಅಲ್ವಾ ಅಕ್ಕ. ಪಾಯಸ ಬಾನಿಗೆ ಹೋಗುದು ಇಲ್ಲಿಂದ ಕಾಣ್ತದೆ. ಕಾಲಿಗಾದರೆ ಆಗಬಹುದು ಅಂತ ಕೊಟ್ಟೆ.”

ಅದರಲ್ಲಿ ಕೊಂಕಿರಲಿಲ್ಲ. ಹುಡುಕಿದೆ, ಸಿಗಲಿಲ್ಲ. ಕೈ ಕೆರೆದುಕೊಳ್ಳುತ್ತ ನಿಂತಿದ್ದೆ. ಅವಳು ಅದನ್ನು ಕಂಡು ಒಳಗೆ ಓಡಿದಳು. ಒಂದು ಉಂಡೆ ಹುಣಸೆಹಣ್ಣು ತಂದು, “ನೀರಲ್ಲಿ ಕಿವುಚಿ ತಿಕ್ಕಿ, ತುರಿ ನಿಲ್ತದೆ,” ಅಂದಳು.

ನಾನು ಕೈ ಚಾಚಿದೆ. ಅವಳು ಅದನ್ನು ಎಂದಿನಂತೆ ಕಲ್ಲುಕಂಬದ ಮೇಲೆ ಇಟ್ಟು ಹಿಂದೆ ಸರಿದಳು.